ಸರಕಾರದ ನೆರವು: ಯಾರಿಗೆ ಎಷ್ಟು?

ತೆರಿಗೆಯಲ್ಲಾಗಲಿ ಸಹಾಯಧನದಲ್ಲಾಗಲಿ ಬದಲಾವಣೆಯ ಮಾತು ಬಂದಾಗ ಒಟ್ಟು ವೆಚ್ಚ ಎಷ್ಟು ಕೋಟಿ ಎಂದು ಕೇಳಿದರೆ ಸಾಲದು. ಯಾವ ಕುಟುಂಬಕ್ಕೆ ಲಾಭ, ಯಾವುದಕ್ಕೆ ನಷ್ಟ ಎಂಬುದೂ ಮೊದಲೇ ತಿಳಿಯಬೇಕು. ಇದಕ್ಕೆಂದೇ ಮೈಕ್ರೋಸಿಮ್ಯುಲೇಶನ್ ಎಂಬ ವಿಧಾನವಿದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಗೈ ಆರ್ಕಟ್ 1957ರಲ್ಲಿ ಇದಕ್ಕೆ ತಳಹದಿ ಹಾಕಿದರು. ಇಂದು ಐರೋಪ್ಯ ಒಕ್ಕೂಟದ 27 ರಾಷ್ಟ್ರಗಳ ತೆರಿಗೆ ಹಾಗೂ ನೆರವುಗಳನ್ನು ‘ಯೂರೋಮಾಡ್’ ಎಂಬ ವ್ಯವಸ್ಥೆ ಹೀಗೆಯೇ ಲೆಕ್ಕ ಹಾಕುತ್ತದೆ.

ವಿಧಾನ ಸರಳ. ಸಮೀಕ್ಷೆಯಲ್ಲಿ ಸಿಕ್ಕ ಸಾವಿರಾರು ಕುಟುಂಬಗಳ ವಿವರವನ್ನು ಗಣಕಯಂತ್ರಕ್ಕೆ ಒದಗಿಸುತ್ತಾರೆ. ಪ್ರತಿ ಕುಟುಂಬದ ಕೈಯಲ್ಲಿ ಉಳಿಯುವ ಹಣವನ್ನು ಮೊದಲು ಈಗಿನ ನಿಯಮದಂತೆ, ಅನಂತರ ಹೊಸ ನಿಯಮದಂತೆ ಎಣಿಸುತ್ತಾರೆ. ಎರಡರ ಅಂತರವೇ ಬದಲಾವಣೆಯ ಪರಿಣಾಮ.

ನಮ್ಮಲ್ಲಿಯ ಉದಾಹರಣೆ ನೋಡೋಣ. 2019ರಲ್ಲಿ ಆರಂಭವಾದ ಪಿ.ಎಂ. ಕಿಸಾನ್ ಯೋಜನೆ ಕುಟುಂಬಕ್ಕೆ ವರ್ಷಕ್ಕೆ 6,000 ರೂ. ಎಂದು ಗೊತ್ತುಮಾಡಿತು. ತೆಲಂಗಾಣದ ರೈತುಬಂಧು 2018ರಲ್ಲಿ ಎಕರೆ ಲೆಕ್ಕ ಹಿಡಿದು, ಹಂಗಾಮಿಗೆ ಎಕರೆಗೆ 4,000 ರೂ. ಕೊಟ್ಟಿತು. ಒಂದೇ ಮೊತ್ತವನ್ನು ಈ ಎರಡು ಬಗೆಯಲ್ಲಿ ಹಂಚಿದರೆ ಏನಾದೀತು?

ಐದು ಮನೆಗಳಿವೆ ಎಂದಿಟ್ಟುಕೊಳ್ಳಿ. ಹಿಡುವಳಿ ಕ್ರಮವಾಗಿ 1, 1, 2, 4 ಮತ್ತು 12 ಎಕರೆ. ಮನೆಗೆ 6,000ದಂತೆ ಒಟ್ಟು 30,000 ರೂ. ಅದನ್ನೇ 20 ಎಕರೆಗೆ ಹಂಚಿದರೆ ಎಕರೆಗೆ 1,500 ರೂ. ಆಗ ಮನೆಗಳಿಗೆ ಸಿಗುವುದು 1,500, 1,500, 3,000, 6,000 ಮತ್ತು 18,000 ರೂ. ಸರಕಾರದ ವೆಚ್ಚ ಬದಲಾಗಲಿಲ್ಲ, ಸರಾಸರಿಯೂ 6,000 ರೂಪಾಯಿಯೇ. ಆದರೆ ಮೂರು ಸಣ್ಣ ಮನೆಗಳು ಕಳೆದುಕೊಂಡ 12,000 ರೂ. ಒಂದು ದೊಡ್ಡ ಮನೆಗೆ ಸೇರಿತು. ತೋಟದಲ್ಲಿ ದುಡಿಯುವ ಭೂರಹಿತ ಮನೆಯನ್ನು ಆರನೆಯದಾಗಿ ಸೇರಿಸಿದರೆ, ಅದಕ್ಕೆ ಎರಡು ಬಗೆಯಲ್ಲೂ ಸೊನ್ನೆ.

ಎರಡು ಎಚ್ಚರಿಕೆಗಳು:

1. ಮೇಲಿನ ಲೆಕ್ಕ ಎಲ್ಲರಿಗೂ ಹಣ ತಲುಪುತ್ತದೆ ಎಂದೇ ಹಿಡಿದಿದೆ. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಇದ್ದು, ಪೌತಿ ಖಾತೆ ಆಗದ ಮನೆಗೆ ಅದು ತಲುಪದೆ ಹೋಗಬಹುದು.

2. ನಿಯಮ ಬದಲಾದರೆ ಜನರ ನಡೆಯೂ ಬದಲಾಗುತ್ತದೆ. ಮನೆಗೆ ಇಷ್ಟೆಂದಾಗ ಒಂದು ಹಿಡುವಳಿ ಎರಡು ಪಾಲಾಗಬಹುದು.

ಆದುದರಿಂದ ಹೊಸ ಪ್ರಸ್ತಾಪ ಬಂದಾಗ ಮನವಿ ಬರೆಯುವ ಮುನ್ನ ಸದಸ್ಯರು ತಮ್ಮ ಊರಿನ ಹತ್ತು ಮನೆಗಳ ಹಿಡುವಳಿ, ಆದಾಯ ಹಾಗೂ ಪಹಣಿಯ ಸ್ಥಿತಿಯನ್ನು ಬರೆದುಕೊಳ್ಳಬೇಕು. ಹೆಸರು ಬೇಕಿಲ್ಲ. ಸಣ್ಣವರು, ದೊಡ್ಡವರು, ಭೂರಹಿತರು ಎಲ್ಲರೂ ಅದರಲ್ಲಿರಲಿ. ಹಳೆಯ ನಿಯಮಕ್ಕೊಂದು ಸಾಲು, ಹೊಸದಕ್ಕೊಂದು ಸಾಲು ಲೆಕ್ಕ ಹಾಕಿ ಸಂಘದ ಕಚೇರಿಗೆ ತನ್ನಿ. ‘ಸಣ್ಣ ಬೆಳೆಗಾರರಿಗೆ ಅನ್ಯಾಯ’ ಎಂಬ ಮಾತಿಗಿಂತ ‘ಹತ್ತರಲ್ಲಿ ಇಷ್ಟು ಮನೆಗೆ ಇಷ್ಟು ರೂಪಾಯಿ ನಷ್ಟ’ ಎಂಬ ಅಂಕಿಗೆ ತೂಕ ಹೆಚ್ಚು.