ಮೂಳೆಯ ಮೇಲೆ ಕೊರೆದ ಹೆಸರು

ಮೂಳೆಯ ಒಂದು ಪುಟ್ಟ ಕಡ್ಡಿಯಿಂದ ಪಾಠ ಶುರು ಮಾಡೋಣ. ಉದ್ದ ಸುಮಾರು ನಾಲ್ಕು ಇಂಚು, ದಪ್ಪ ಪೆನ್ಸಿಲ್ಲಿನಷ್ಟು. ಮೇಲ್ತುದಿಯಲ್ಲಿ ದಾರ ಸುತ್ತಲು ಸಣ್ಣ ಕತ್ತು, ಕೆಳತುದಿಯಲ್ಲಿ ತಂತಿಗೆ ಪೋಣಿಸಿದ ಗಾಜಿನ ಮಣಿಗಳು. ನಡುವಿನ ಮೈಮೇಲೆ ಸೂಜಿಮೊನೆಯಷ್ಟು ಚುಕ್ಕಿಗಳನ್ನು ಕೊರೆದು, ಅದರೊಳಗೆ ಕೆಂಪು, ನೀಲಿ ಬಣ್ಣ ತುಂಬಿ, ಬಳ್ಳಿ ಹಬ್ಬಿದ ಹಾಗೆ ಸುತ್ತಲೂ ಬರೆದ ಒಂದು ಹೆಸರು. ಓದಬೇಕಾದರೆ ಕಡ್ಡಿಯನ್ನು ಬೆರಳಲ್ಲಿ ಉರುಳಿಸುತ್ತಾ ಹೋಗಬೇಕು. ಇದರ ಹೆಸರು ಬಾಬಿನ್. ಹುಲ್ಲು ತುಂಬಿದ ದಿಂಬಿನ ಮೇಲೆ ಇಂಥ ಹತ್ತಾರು ಬಾಬಿನ್‌ಗಳನ್ನು ಅತ್ತಿತ್ತ ದಾಟಿಸುತ್ತಾ ಇಂಗ್ಲೆಂಡಿನ ಹೆಂಗಸರು ಲೇಸ್ ಹೆಣೆಯುತ್ತಿದ್ದರು. ಕೆಳಗಿನ ಮಣಿಗಳು ಚಂದಕ್ಕೆ ಮಾತ್ರ ಇದ್ದವಲ್ಲ. ಬಾಬಿನ್ ಉರುಳದಂತೆ ತೂಕ ಕೊಟ್ಟು ಹಿಡಿಯುತ್ತಿದ್ದವು.

ಬಾಬಿನ್ ಮೇಲೆ ಮಗುವಿನ ಹೆಸರು, ಒಲಿದವನ ಹೆಸರು, ಮದುವೆಯ ವರ್ಷ, ತೀರಿಕೊಂಡ ತಾಯಿಯ ಹೆಸರು, ಹೀಗೆ ಏನು ಬೇಕಾದರೂ ಇರುತ್ತಿತ್ತು. ಗಲ್ಲಿಗೇರಿದವರ ಹೆಸರು ಕೊರೆದವೂ ಉಳಿದಿವೆ. ಓದು ಬರಹ ಬಾರದ ಎಷ್ಟೋ ಮನೆಗಳಲ್ಲಿ ಅಕ್ಷರದಲ್ಲಿದ್ದ ಕುಟುಂಬದ ಚರಿತ್ರೆ ಅಂದರೆ ಇಷ್ಟೇ. ಆ ಹೆಸರು ಯಾರದು, ಅವರ ಮನೆ ಯಾವ ಬೀದಿಯಲ್ಲಿತ್ತು ಎಂದು ಹುಡುಕಲು ಕಲಿಯುವುದೇ ಈ ಲೇಖನದ ಪಾಠ.

ಊರು ಓಲ್ನಿ. ಬಕಿಂಗ್‌ಹ್ಯಾಮ್‌ಶೈರ್‌ನಲ್ಲಿ ಗ್ರೇಟ್ ಊಸ್ ನದಿಯ ದಂಡೆಯ ಮೇಲಿನ ಸಣ್ಣ ಸಂತೆಯೂರು. ನಡುವೆ ಸಂತೆಮಾಳ, ಅಲ್ಲಿಂದ ಚಾಚಿದ ಒಂದು ಅಗಲ ಬೀದಿ, ನದಿಯ ಕಡೆಗೆ ಎತ್ತರದ ಶಿಖರದ ಚರ್ಚ್. ಕವಿ ವಿಲಿಯಂ ಕೂಪರ್ 1768ರಿಂದ 1786ರವರೆಗೆ ಈ ಊರಿನಲ್ಲಿದ್ದರು. ಸಂತೆಮಾಳಕ್ಕೆ ಮುಖಮಾಡಿರುವ ಅವರ ಮನೆ ಈಗ ಮ್ಯೂಸಿಯಂ. ಬಾಬಿನ್‌ಗಳನ್ನು ನೋಡಬೇಕೆಂದರೆ ಅಲ್ಲಿಗೆ ಹೋಗಬೇಕು. ಲೇಸ್ ಹೆಣೆಯುವವರು ಹೊಟ್ಟೆಗಿಲ್ಲದೆ ಒದ್ದಾಡುತ್ತಿರುವುದನ್ನು ಕಣ್ಣಾರೆ ಕಂಡು ಕೂಪರ್ 1780ರಲ್ಲಿ ಸ್ನೇಹಿತರಿಗೆ ಪತ್ರ ಬರೆದಿದ್ದರು. ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯಲ್ಲಿ ಬಿಳಿ ಲೇಸಿನ ನಯ ನೋಡುವಾಗ ಆ ಹಸಿವನ್ನು ಮರೆಯಬಾರದು. ಚಳಿಗಾಲದಲ್ಲಿ ಬೆಂಕಿ ಹಾಕಿದರೆ ಮಸಿ ಹಾರಿ ಲೇಸ್ ಕೊಳೆಯಾಗುತ್ತದೆಂದು, ಬಿಸಿ ಬೂದಿ ತುಂಬಿದ ಮಣ್ಣಿನ ಗಡಿಗೆಯನ್ನು ಲಂಗದ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದರು. ಕತ್ತಲಾದ ಮೇಲೆ ನೀರು ತುಂಬಿದ ಗಾಜಿನ ಬುರುಡೆಗಳನ್ನು ಒಂದೇ ಮೇಣದಬತ್ತಿಯ ಸುತ್ತ ಇಟ್ಟು, ಅದರ ಬೆಳಕನ್ನು ಹಲವರು ಹಂಚಿಕೊಳ್ಳುತ್ತಿದ್ದರು.

ಹೊಸದಾಗಿ ಹುಡುಕಲು ಹೊರಟವರು ನೇರವಾಗಿ ಹಳೆಯ ದಾಖಲೆಗೆ ಕೈ ಹಾಕುತ್ತಾರೆ. ಮೊದಲು ಹಿರಿಯರ ಹತ್ತಿರ ಕೂರಿ ಎಂದು ನಾನು ಹೇಳುತ್ತೇನೆ. ಇದು ಬರಿಯ ಮರ್ಯಾದೆಯ ಮಾತಲ್ಲ, ಇದಕ್ಕೆ ಲೆಕ್ಕದ ಕಾರಣವಿದೆ. ಇಂಗ್ಲೆಂಡಿನಲ್ಲಿ ಜನಗಣತಿಯ ಹಾಳೆಗಳನ್ನು ನೂರು ವರ್ಷ ಮುಚ್ಚಿಡುತ್ತಾರೆ. 1921ರದ್ದು 2022ರಲ್ಲಿ ತೆರೆಯಿತು. 1931ರ ಹಾಳೆಗಳು 1942ರ ಬೆಂಕಿಯಲ್ಲಿ ಸುಟ್ಟುಹೋದವು. 1941ರಲ್ಲಿ ಯುದ್ಧದಿಂದಾಗಿ ಗಣತಿಯೇ ನಡೆಯಲಿಲ್ಲ. ಉಳಿದದ್ದು 1939ರ ಸೆಪ್ಟೆಂಬರಿನಲ್ಲಿ ಯುದ್ಧಕಾಲದ ಗುರುತುಚೀಟಿಗಾಗಿ ಮಾಡಿದ ಒಂದು ಪಟ್ಟಿ ಮಾತ್ರ. ಹಾಗಾಗಿ 1921ರಿಂದ 1951ರವರೆಗೆ ಯಾರು ಯಾವ ಮನೆಯಲ್ಲಿದ್ದರು, ಯಾರ ಅಂಗಡಿ ಯಾರ ಕೈಗೆ ಹೋಯಿತು ಎಂಬುದು ಬಹುಮಟ್ಟಿಗೆ ವಯಸ್ಸಾದವರ ನೆನಪಿನಲ್ಲೇ ಇದೆ. ಓಲ್ನಿಯ ರೈಲು 1962ರಲ್ಲಿ ನಿಂತಿತು. ಅದರಲ್ಲಿ ಬೆಡ್‌ಫರ್ಡಿಗೆ ಹೋಗಿ ಬರುತ್ತಿದ್ದವರು ಈಗ ಎಂಬತ್ತು ದಾಟಿದ್ದಾರೆ. ಇಸವಿ ಕೇಳಿ ಅವರನ್ನು ಕಾಡಬೇಡಿ. ಸಂತೆಯ ದಿನ ಯಾರು ಎಲ್ಲಿ ನಿಲ್ಲುತ್ತಿದ್ದರು, ಪಕ್ಕದ ಮನೆಯವರು ಯಾರು, ಅಮ್ಮನ ತವರು ಯಾವುದು ಎಂದು ಕೇಳಿ. ಇಸವಿಯನ್ನು ಕಾಗದದಲ್ಲಿ ಹುಡುಕಿಕೊಳ್ಳಬಹುದು.

ಇನ್ನು ಕಾಗದ. 1837ರ ಜುಲೈ 1ರಿಂದ ಸರ್ಕಾರವೇ ಜನನ, ಮದುವೆ, ಮರಣಗಳನ್ನು ದಾಖಲಿಸತೊಡಗಿತು. ಜನನಪತ್ರದಲ್ಲಿ ತಾಯಿಯ ತವರಿನ ಮನೆತನದ ಹೆಸರು ಇರುವುದರಿಂದ ಹಿಂದಿನ ತಲೆಮಾರಿಗೆ ದಾರಿ ಸಿಗುತ್ತದೆ. ಅದಕ್ಕೂ ಹಿಂದಕ್ಕೆ ಹೋದರೆ ಚರ್ಚಿನ ರಿಜಿಸ್ಟರುಗಳಿವೆ. 1538ರಲ್ಲಿ ಇವುಗಳನ್ನು ಇಡಬೇಕೆಂಬ ಆಜ್ಞೆಯಾಯಿತು. 1754ರಿಂದ ಮದುವೆಯ ಪುಸ್ತಕದಲ್ಲಿ ವಧೂವರರು ಸಹಿ ಹಾಕಬೇಕಿತ್ತು. ಬರೆಯಲು ಬಾರದವರು ಒಂದು ಗೀಟಿನ ಮೇಲೆ ಇನ್ನೊಂದು ಗೀಟು ಎಳೆಯುತ್ತಿದ್ದರು. ಕೂದಲೆಳೆಯಂಥ ದಾರದಲ್ಲಿ ಹೂವು ಅರಳಿಸಿದ ಕೈ ಹಾಕಿದ ಆ ಗುರುತನ್ನು ನೋಡುವಾಗ ನನ್ನ ಮನಸ್ಸು ಅಲ್ಲೇ ನಿಂತುಬಿಡುತ್ತದೆ.

ಜನಗಣತಿಯಲ್ಲಿ ಹೆಸರುಗಳು ಸಿಗುವುದು 1841ರಿಂದ. ಇಲ್ಲಿ ಒಂದು ಎಚ್ಚರಿಕೆ. ಆ ವರ್ಷ ಹದಿನೈದು ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಬೇಕೆಂದು ಸೂಚನೆಯಿತ್ತು. ಮೂವತ್ತನಾಲ್ಕು ಎಂಬುದು ಮೂವತ್ತಾಯಿತು. ಇದು ಗೊತ್ತಿಲ್ಲದೆ, ತಮ್ಮದೇ ಅಜ್ಜನನ್ನು ಬೇರೆ ಯಾರೋ ಎಂದು ಬಿಟ್ಟು ಮುಂದೆ ಹೋದವರಿದ್ದಾರೆ. 1851ರಿಂದ ವಯಸ್ಸು, ಹುಟ್ಟಿದ ಊರು, ಮನೆಯ ಯಜಮಾನನಿಗೆ ಏನಾಗಬೇಕು, ಎಲ್ಲವೂ ಸಿಗುತ್ತವೆ. ಕಸುಬಿನ ಕಾಲಂ ಮೇಲೆ ಬೆರಳಿಟ್ಟು ನಿಧಾನವಾಗಿ ಇಳಿಯಿರಿ. ತಾಯಿ ಲೇಸಿನವಳು, ದೊಡ್ಡ ಮಗಳು ಲೇಸಿನವಳು, ಇನ್ನೂ ಹತ್ತು ತುಂಬದ ಕೂಸೂ ಲೇಸಿನವಳು. ಗಂಡಸರಲ್ಲಿ ಹೊಲದ ಕೂಲಿಯವರು, ಚಪ್ಪಲಿ ಹೊಲೆಯುವವರು.

ನೆನಪನ್ನೂ ಕಾಗದವನ್ನೂ ಎದುರುಬದುರು ಕೂರಿಸುವಾಗ ಸ್ವಲ್ಪ ಮೃದುವಾಗಿರಬೇಕು. ತಮ್ಮ ಪೂರ್ವಜರು ಫ್ರಾನ್ಸಿನಿಂದ, ಫ್ಲಾಂಡರ್ಸ್‌ನಿಂದ ಧರ್ಮದ ಕಾರಣಕ್ಕೆ ಓಡಿಬಂದವರು, ಲೇಸ್ ತಂದವರೇ ಅವರು ಎಂಬ ಕಥೆ ಈ ಸೀಮೆಯ ಎಷ್ಟೋ ಮನೆಗಳಲ್ಲಿದೆ. ಕೆಲವರ ವಿಷಯದಲ್ಲಿ ನಿಜವಿರಬಹುದು. ಆದರೆ ರಿಜಿಸ್ಟರು ಹಿಡಿದು ಒಂದೊಂದೇ ತಲೆಮಾರು ಹಿಂದಕ್ಕೆ ಹೋಗದೆ ಒಪ್ಪಿಕೊಳ್ಳಬೇಡಿ, ಸುಳ್ಳೆಂದು ತಳ್ಳಿಹಾಕಲೂಬೇಡಿ. ಓಲ್ನಿಯಲ್ಲಿ ಕ್ರೈಸ್ತರ ಉಪವಾಸಕಾಲದ ಮುನ್ನಾದಿನ ಹೆಂಗಸರು ಏಪ್ರನ್ ಕಟ್ಟಿ, ಬಾಣಲೆಯಲ್ಲಿ ಪ್ಯಾನ್‌ಕೇಕ್ ಹಿಡಿದು ಸಂತೆಮಾಳದಿಂದ ಚರ್ಚಿನವರೆಗೆ ಓಡುತ್ತಾರೆ. ಒಲೆಯ ಮುಂದಿದ್ದ ಗೃಹಿಣಿಯೊಬ್ಬಳು ಗಂಟೆ ಕೇಳಿ ಬಾಣಲೆ ಸಮೇತ ಚರ್ಚಿಗೆ ಓಡಿದಳಂತೆ, ಅದು 1445ರಲ್ಲಂತೆ ಎಂಬುದು ಪ್ರತೀತಿ. ನಿಂತುಹೋಗಿದ್ದ ಓಟವನ್ನು 1948ರಲ್ಲಿ ಮತ್ತೆ ಆರಂಭಿಸಿದ್ದು ದಾಖಲಾದ ಸಂಗತಿ. ಎರಡನ್ನೂ ಬರೆದುಕೊಳ್ಳಿ, ಯಾವುದು ಯಾವುದೆಂದು ಪಕ್ಕದಲ್ಲಿ ಗುರುತು ಹಾಕಿ.

ಹೆಸರು ರಿಜಿಸ್ಟರಿನಲ್ಲಿ ಸಿಗಲೇ ಇಲ್ಲ ಎಂದರೆ ಆ ಮನೆಯವರು ಬ್ಯಾಪ್ಟಿಸ್ಟರಾಗಿದ್ದಿರಬಹುದು. ಅವರು ಎಳೆಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸುವುದಿಲ್ಲ. ಓಲ್ನಿಯ ಬ್ಯಾಪ್ಟಿಸ್ಟ್ ಸಭೆಗೆ 1785ರಲ್ಲಿ ಒಬ್ಬ ಬಡ ಚಮ್ಮಾರ ಸೇರಿದ. ಮರುವರ್ಷ ಸಭೆ ಅವನಿಗೆ ಬೋಧಿಸುವ ಅಧಿಕಾರ ಕೊಟ್ಟಿತು. ಅವನೇ ಮುಂದೆ ಬಂಗಾಳದ ಸೆರಾಂಪುರದಲ್ಲಿ 1817ರಲ್ಲಿ ಕನ್ನಡದ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ ವಿಲಿಯಂ ಕೇರಿ. ನಮ್ಮ ನುಡಿಯ ಚರಿತ್ರೆಯ ಒಂದು ಎಳೆ ಈ ಸಂತೆಯೂರಿನ ಪ್ರಾರ್ಥನಾಮಂದಿರದವರೆಗೂ ಹೋಗುತ್ತದೆ. ಅಲ್ಲಿ ಕೇರಿಯನ್ನು ಸೇರಿಸಿಕೊಂಡದ್ದು ಮಗುವಾಗಿದ್ದಾಗ ಅಲ್ಲ, ದುಡಿಯುವ ಗಂಡಸಾದ ಮೇಲೆ. ಇಂಥವರಿಗಾಗಿ ಸಭೆಯ ಸದಸ್ಯರ ಪುಸ್ತಕ, ನಡಾವಳಿ ಪುಸ್ತಕಗಳನ್ನು ನೋಡಬೇಕು. ಆದರೆ 1754ರಿಂದ 1837ರವರೆಗೆ ಇವರ ಮದುವೆಯೂ ಊರ ಚರ್ಚಿನಲ್ಲೇ ಆಗಬೇಕಿತ್ತು. ಹಾಗಾಗಿ ಜನನ ಸಿಗದಿದ್ದರೂ ಮದುವೆ ಅಲ್ಲಿ ಸಿಕ್ಕೀತು.

ಕೊನೆಗೆ 1911ರ ಹಾಳೆ. ಅದಕ್ಕೂ ಹಿಂದಿನ ಗಣತಿಗಳಲ್ಲಿ ನಮಗೆ ಸಿಗುವುದು ಗಣತಿದಾರರು ನಕಲು ಮಾಡಿದ ಪುಸ್ತಕ. ಇದು ಮನೆಯವರೇ ತಮ್ಮ ಕೈಯಾರೆ ತುಂಬಿದ್ದು. ಅದರಲ್ಲಿ ಮದುವೆಯಾದ ಹೆಂಗಸಿಗೆ ಕೇಳಿದ ಪ್ರಶ್ನೆಗಳಿವೆ: ಮದುವೆಯಾಗಿ ಎಷ್ಟು ವರ್ಷ, ಹುಟ್ಟಿದ ಮಕ್ಕಳೆಷ್ಟು, ಬದುಕಿರುವವರೆಷ್ಟು, ತೀರಿಕೊಂಡವರೆಷ್ಟು. ವಿಧವೆಯರಿಗೆ ಈ ಪ್ರಶ್ನೆ ಇರಲಿಲ್ಲ. ಆದರೂ ಬರೆದವರಿದ್ದರು. ಕಚೇರಿಯವರು ಅದರ ಮೇಲೆ ಗೆರೆ ಎಳೆದರು, ಗೆರೆಯ ಕೆಳಗಿನ ಅಂಕಿ ಇವತ್ತಿಗೂ ಕಾಣುತ್ತದೆ. ಎರಡು ಗಣತಿಗಳ ನಡುವಿನ ಹತ್ತು ವರ್ಷದಲ್ಲಿ ಹುಟ್ಟಿ ಹೋದ ಮಗು ಯಾವ ಗಣತಿಯ ಪಟ್ಟಿಯಲ್ಲೂ ಇರುವುದಿಲ್ಲ. ಅದು ಇತ್ತು ಎಂದು ಹೇಳುವುದು ಆ ಕಾಲಮ್ಮಿನ ಅಂಕಿ. ಅಂಕಿ ಬರೆದುಕೊಂಡು ಸಮಾಧಿಗಳ ರಿಜಿಸ್ಟರು ತೆರೆಯಿರಿ, ಹೆಸರು ಅಲ್ಲಿ ಸಿಕ್ಕೀತು.