ಕುದುರೆಯ ಬೆನ್ನ ಮೇಲೊಂದು ಪಾಠ: ವಿಕಲಚೇತನರಿಗೆ ಸವಾರಿ ಶಿಕ್ಷಣ

‘ಅಶ್ವಚಿಕಿತ್ಸೆ’ ಎಂಬ ಮಾತನ್ನು ನಮ್ಮ ಹಿರಿಯರು ಕೇಳಿದ್ದರೆ ಕುದುರೆಗೆ ಮಾಡುವ ಚಿಕಿತ್ಸೆ ಎಂದೇ ತಿಳಿಯುತ್ತಿದ್ದರು. ಸಂಸ್ಕೃತದಲ್ಲಿ ಶಾಲಿಹೋತ್ರನ ಹೆಸರಿನಿಂದಲೂ, ಕನ್ನಡದಲ್ಲಿ ಅಭಿನವಚಂದ್ರನ ‘ಅಶ್ವವೈದ್ಯ’ದಿಂದಲೂ ಪ್ರಸಿದ್ಧವಾದ ಶಾಸ್ತ್ರವದು. ಪ್ರಸ್ತುತ ಲೇಖನದ ವಿಷಯ ಅದಕ್ಕೆ ವಿಲೋಮವಾದುದು. ಇಲ್ಲಿ ಕುದುರೆಯೇ ಉಪಕಾರಿ, ಮನುಷ್ಯನು ಉಪಕೃತ. ಬೆಂಗಳೂರಿನ ಕೆಲವು ಸವಾರಿ ಶಾಲೆಗಳಲ್ಲಿ ವಿಕಲಚೇತನ ಮಕ್ಕಳಿಗೆ ಇಂತಹ ಶಿಕ್ಷಣ ದೊರೆಯುತ್ತಿದೆಯೆಂದು ತಿಳಿದವರು, ನಮ್ಮ ಕಾಫಿ ಸೀಮೆಯಲ್ಲಿಯೂ ಅದನ್ನು ಏಕೆ ಆರಂಭಿಸಬಾರದೆಂದು ಕೇಳುವುದುಂಟು. ಪ್ರಶ್ನೆ ಯೋಗ್ಯವಾದುದು. ಆದರೆ ‘ಒಂದು ಕುದುರೆಯನ್ನು ಕೊಡಿಸಿಬಿಡೋಣ’ ಎಂಬಷ್ಟಕ್ಕೆ ಅದರ ಉತ್ತರ ಮುಗಿಯುವುದಿಲ್ಲ.

ಕುದುರೆಯೇ ಏಕೆ ಎಂಬುದನ್ನು ಮೊದಲು ವಿಚಾರಿಸಬೇಕು. ಕುದುರೆಯು ಸಾವಧಾನವಾಗಿ ನಡೆಯುವಾಗ ನಾಲ್ಕು ಗೊರಸುಗಳೂ ಒಂದಾದ ಮೇಲೊಂದರಂತೆ ನೆಲವನ್ನು ಮುಟ್ಟುತ್ತವೆ. ಆಗ ಅದರ ಬೆನ್ನು ಹಿಂದುಮುಂದಾಗಿ, ಎಡಬಲವಾಗಿ, ಮೇಲುಕೆಳಗಾಗಿ ಲಯಬದ್ಧವಾಗಿ ಚಲಿಸುತ್ತದೆ. ಮೇಲೆ ಕುಳಿತವರ ಸೊಂಟವೂ ಅದರೊಡನೆ ಚಲಿಸುತ್ತದೆ. ಆ ಚಲನೆಯು ಮನುಷ್ಯನು ತಾನೇ ನಡೆಯುವಾಗಿನ ಚಲನೆಯನ್ನು ಬಹುಮಟ್ಟಿಗೆ ಹೋಲುತ್ತದೆ. ಎಂದೂ ನಡೆಯದ ಮಗುವಿನ ಬೆನ್ನು, ಸೊಂಟ, ಕತ್ತುಗಳಿಗೆ ನಡಿಗೆಯ ಅನುಭವ ದೊರೆಯುವುದು ಹೀಗೆ. ಕುದುರೆಯ ಮೈಶಾಖ ಸುಮಾರು 38 ಡಿಗ್ರಿ ಸೆಲ್ಸಿಯಸ್, ಅಂದರೆ ನಮ್ಮದಕ್ಕಿಂತ ತುಸು ಹೆಚ್ಚು. ಬಿಗಿದುಕೊಂಡ ತೊಡೆಯ ಸ್ನಾಯುಗಳು ಆ ಬಿಸುಪಿನಲ್ಲಿ ಸಡಿಲಗೊಳ್ಳಲು ಅನುಕೂಲವಾಗುತ್ತದೆ. ಸೆರೆಬ್ರಲ್ ಪಾಲ್ಸಿಯುಳ್ಳ ಮಕ್ಕಳಲ್ಲಿ ಕುಳಿತುಕೊಳ್ಳುವ ಸಮತೋಲ ಸುಧಾರಿಸುವುದನ್ನು ಹಲವು ಅಧ್ಯಯನಗಳು ಕಂಡಿವೆ. ಅವುಗಳಲ್ಲಿ ಹೆಚ್ಚಿನವು ಸಣ್ಣ ಅಧ್ಯಯನಗಳು. ಮೂಲ ನ್ಯೂನತೆಯೇ ಹೋಗುತ್ತದೆಂದು ಯಾರಾದರೂ ಹೇಳಿದರೆ ನಂಬತಕ್ಕದ್ದಲ್ಲ.

ಇದರಲ್ಲಿ ಎರಡು ಬಗೆಗಳುಂಟು. ಅಂಗಸಾಧನೆಯ ಚಿಕಿತ್ಸಕರು ಕುದುರೆಯ ಚಲನೆಯನ್ನೇ ಔಷಧದಂತೆ ಬಳಸುವುದು ಒಂದು. ಅಲ್ಲಿ ಮಗು ಸವಾರಿಯನ್ನು ಕಲಿಯಬೇಕಾಗಿಲ್ಲ. ಶಿಕ್ಷಕರು ಸವಾರಿಯ ವಿದ್ಯೆಯನ್ನೇ ಮಗುವಿಗೆ ಕಲಿಸುವುದು ಇನ್ನೊಂದು. ಶಾಲೆಗಳಿಗೆ ಸಂಬಂಧಪಟ್ಟದ್ದು ಈ ಎರಡನೆಯದು.

ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಎಂಬಾಕೆ 1944ರಲ್ಲಿ ಪೋಲಿಯೋ ರೋಗಕ್ಕೆ ತುತ್ತಾದರು. ಮೊಣಕಾಲಿನ ಕೆಳಗೆ ಶಕ್ತಿ ಮರಳಲಿಲ್ಲ. ಕುದುರೆಯನ್ನು ಹತ್ತಲು, ಇಳಿಯಲು ಇತರರ ನೆರವು ಬೇಕಾಗಿತ್ತು. ಆದರೂ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ ಡ್ರೆಸಾಜ್ ಎಂಬ ಶಿಸ್ತಿನ ಸವಾರಿಯಲ್ಲಿ ಅವರು ಬೆಳ್ಳಿಯ ಪದಕವನ್ನು ಗೆದ್ದರು. ಅದುವರೆಗೆ ಆ ಸ್ಪರ್ಧೆಯಲ್ಲಿ ಸ್ತ್ರೀಯರಿಗೆ ಪ್ರವೇಶವೇ ಇರಲಿಲ್ಲ. 1956ರಲ್ಲಿ ಮತ್ತೊಮ್ಮೆ ಬೆಳ್ಳಿ. ಈ ನಿದರ್ಶನವು ಅನೇಕರ ಕಣ್ಣು ತೆರೆಸಿತು. 1969ರಲ್ಲಿ ಬ್ರಿಟನ್ನಿನಲ್ಲಿಯೂ ಅಮೆರಿಕದಲ್ಲಿಯೂ ಈ ಶಿಕ್ಷಣಕ್ಕೆಂದೇ ಸಂಘಗಳು ಹುಟ್ಟಿದವು. 1996ರ ಅಟ್ಲಾಂಟಾ ಪ್ಯಾರಾಲಿಂಪಿಕ್ಸ್‌ನಲ್ಲಿ ಕುದುರೆ ಸವಾರಿಯು ಸೇರ್ಪಡೆಯಾಯಿತು.

ಹಾರ್ಟೆಲ್ ಅವರನ್ನು ಬೇರೆಯವರು ಕುದುರೆಯ ಮೇಲೆ ಕೂರಿಸಿದರು, ಆದರೆ ಸವಾರಿಯನ್ನು ಮಾಡಿದವರು ಅವರೇ. ಈ ಭೇದದಲ್ಲಿಯೇ ಬೋಧನೆಯ ಮರ್ಮವಿದೆ. ಜಾತ್ರೆಯಲ್ಲಿ ಮಗುವನ್ನು ಕುದುರೆಯ ಮೇಲೆ ಕೂರಿಸಿ ಒಂದು ಸುತ್ತು ಹಾಕಿಸುವುದು ವಿನೋದ, ಅದು ಪಾಠವಲ್ಲ. ಪಾಠದಲ್ಲಿ ಲಗಾಮು ಮಗುವಿನ ಕೈಗೆ ಬರಬೇಕು. ಆರಂಭದಲ್ಲಿ ಒಬ್ಬರು ಕುದುರೆಯನ್ನು ಹಿಡಿದು ನಡೆಸುವರು, ಇಬ್ಬರು ಎರಡು ಪಕ್ಕಗಳಲ್ಲಿ ಮಗುವಿಗೆ ಒತ್ತಾಸೆಯಾಗಿ ನಡೆಯುವರು, ಶಿಕ್ಷಕರು ನಡುವೆ ನಿಲ್ಲುವರು. ಒಂದು ಮಗುವಿಗೆ ನಾಲ್ವರು ವಯಸ್ಕರು! ಮಗುವಿನ ಮೈಯಲ್ಲಿ ಹಿಡಿತ ಬಂದಂತೆ ಪಕ್ಕದವರ ಕೈ ಸರಿಯಬೇಕು. ಕೈ ಹಿಡಿಯುವುದಕ್ಕಿಂತ ಸಕಾಲದಲ್ಲಿ ಕೈ ಬಿಡುವುದು ಕಷ್ಟ; ಕರುಣೆಯುಳ್ಳವರಿಗಂತೂ ಇನ್ನೂ ಕಷ್ಟ.

ಅಪ್ಪಣೆಗಳು ಚಿಕ್ಕವಾಗಿರಬೇಕು, ಒಂದು ಸಲಕ್ಕೆ ಒಂದೇ ಇರಬೇಕು. ‘ನಿಲ್ಲಿಸು’ ಎಂದ ಮೇಲೆ ಶಿಕ್ಷಕರು ಮೌನವಾಗಿ ಕಾಯಬೇಕು. ಮಾತು ಕಿವಿಯಿಂದ ಕೈಗೆ ತಲುಪಲು ಕೆಲವು ಮಕ್ಕಳಿಗೆ ಹತ್ತು ಎಣಿಸುವಷ್ಟು ಹೊತ್ತು ಬೇಕಾದೀತು. ಅಷ್ಟರಲ್ಲಿ ಮುಂದಿನವರು ತಾವೇ ಕುದುರೆಯನ್ನು ನಿಲ್ಲಿಸಿಬಿಟ್ಟರೆ ಅಂದಿನ ಪಾಠ ವ್ಯರ್ಥ. ಸವಾರಿಯ ಅಂಗಳದ ಸುತ್ತ ಅಕ್ಷರಗಳ ಫಲಕಗಳನ್ನಿಡುವುದು ಪಾಶ್ಚಾತ್ಯ ಪದ್ಧತಿ. ನಮ್ಮಲ್ಲಿ ಅವು ಕ, ಚ, ಟ, ತ ಎಂದಿದ್ದರೆ ಅಕ್ಷರಾಭ್ಯಾಸವೂ ಆದೀತು. ಅಂಧ ಸವಾರರಿಗೆ ಒಂದೊಂದು ಫಲಕದ ಬಳಿ ಒಬ್ಬರು ನಿಂತು ಆ ಅಕ್ಷರವನ್ನು ಕೂಗುತ್ತಾರೆ. ಅಂತಾರಾಷ್ಟ್ರೀಯ ಸ್ಪರ್ಧೆಗಳಲ್ಲಿಯೂ ಇದಕ್ಕೆ ಅವಕಾಶವಿದೆ. ಕಿವಿ ಕೇಳದವರಿಗೆ ಚಲಿಸುವಾಗ ಏನೂ ಹೇಳಲಾಗದು. ಕುದುರೆಯನ್ನು ನಿಲ್ಲಿಸಿ, ಎದುರು ನಿಂತು, ಸನ್ನೆಯಿಂದ ತಿಳಿಸಿ ಮುಂದುವರಿಯಬೇಕು.

ಮಠಗಳ ಪರಂಪರೆಗೆ ಈ ದೃಷ್ಟಿ ಹೊಸದೇನಲ್ಲ. ಹುಟ್ಟುಕುರುಡರಾದ ಪಂಚಾಕ್ಷರಿ ಗವಾಯಿಗಳಿಗೆ ಹಾನಗಲ್ಲ ಕುಮಾರ ಸ್ವಾಮಿಗಳು ದೊರಕಿಸಿಕೊಟ್ಟದ್ದು ಕೇವಲ ಅನ್ನವಲ್ಲ, ಸಂಗೀತವಿದ್ಯೆ. ಆ ವಿದ್ಯೆಯು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳ ಮುಖಾಂತರ ಅಸಂಖ್ಯ ಅಂಧರ ಬಾಳಿಗೆ ಕಾಯಕವಾಯಿತು. ಅಲ್ಲಿ ಶಿಷ್ಯನ ಕೈಗೆ ಬಂದದ್ದು ಹಾರ್ಮೋನಿಯಂ, ತಬಲಾ. ಇಲ್ಲಿ ಬರಬೇಕಾದುದು ಲಗಾಮು. ವಿಕಲಚೇತನರ ಹಕ್ಕುಗಳ 2016ರ ಅಧಿನಿಯಮವು 21 ಬಗೆಯ ನ್ಯೂನತೆಗಳನ್ನು ಗುರುತಿಸಿ, ಕ್ರೀಡೆಯಲ್ಲಿಯೂ ಅವರಿಗೆ ಪಾಲಿದೆಯೆಂದು ಹೇಳಿದೆ. ಆದುದರಿಂದ ಇದನ್ನು ಅನುಕಂಪದ ಕಾರ್ಯವೆಂದು ಕರೆಯುವುದು ಈಗ ಸರಿಯಾಗದು.

ಎಚ್ಚರಿಕೆಯೂ ಅಷ್ಟೇ ಅಗತ್ಯ. ವೈದ್ಯರ ಲಿಖಿತ ಒಪ್ಪಿಗೆಯಿಲ್ಲದೆ ಯಾವ ಮಗುವನ್ನೂ ಕುದುರೆಯ ಮೇಲೆ ಕೂರಿಸಬಾರದು. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳ ಕತ್ತಿನ ಮೇಲ್ಭಾಗದ ಮೂಳೆಗಳ ಕೀಲು ಸಡಿಲವಾಗಿರುತ್ತದೆ. ಅಂಥವರಿಗೆ ಸವಾರಿ ಅಪಾಯಕರ. ಹತೋಟಿಗೆ ಬಾರದ ಮೂರ್ಛೆರೋಗ, ಜಾರಿದ ಸೊಂಟದ ಕೀಲು, ಬೇಗ ಮುರಿಯುವ ಮೂಳೆ ಇರುವವರ ವಿಷಯವೂ ಹಾಗೆಯೇ. ಶಿರಸ್ತ್ರಾಣ ಕಡ್ಡಾಯ. ಬಿದ್ದರೆ ಪಾದವು ರಿಕಾಬಿನಲ್ಲಿ ಸಿಲುಕದಂತಹ ವ್ಯವಸ್ಥೆ ಇರಬೇಕು.

ಇನ್ನು ನಮ್ಮ ನೆಲದ ಮಾತು. ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳಲ್ಲಿ ಇಳಿಜಾರಿಗೆ ಬರವಿಲ್ಲ, ಸಮತಟ್ಟಿಗೆ ಬರ. ತೋಟದಲ್ಲಿ ಸಮತಟ್ಟಾದ ಜಾಗವೆಂದರೆ ಕಾಫಿ ಒಣಗಿಸುವ ಕಣ. ಸಿಮೆಂಟಿನ ಕಣ ಗೊರಸಿಗೆ ಜಾರುತ್ತದೆ, ಬಿದ್ದವರಿಗೆ ಕಲ್ಲಾಗುತ್ತದೆ; ಅಲ್ಲದೆ ಕೊಯ್ಲಿನ ತಿಂಗಳುಗಳಲ್ಲಿ ಅಲ್ಲಿ ಕಾಲಿಡಲೂ ಸ್ಥಳವಿರದು. ಮರಳು ಹಾಸಿ, ನೀರು ಬಸಿದುಹೋಗುವಂತೆ ಕಾಲುವೆ ತೆಗೆದ, ಸುತ್ತ ಬೇಲಿಯಿರುವ ಬೇರೆ ಅಂಗಳವೇ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ, ಮೇಲೆ ಮಾಡಿಲ್ಲದ ಅಂಗಳದಲ್ಲಿ ಪಾಠ ಅಸಾಧ್ಯ. ಗೊರಸು ಸದಾ ನೆನೆದರೆ ಕೊಳೆಯುತ್ತದೆ. ಲಾಯವು ಎತ್ತರದಲ್ಲಿ, ಒಣನೆಲದಲ್ಲಿ ಇರಬೇಕು. ಜಿಗಣೆಗಳ ಕಾಟವನ್ನು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ.

ಇದಕ್ಕಿಂತ ದೊಡ್ಡ ತೊಡಕು ದಾರಿಯದು. ಕಳಸದ ಕಡೆಯ ಲೈನ್ ಮನೆಯ ತಾಯಿಯೊಬ್ಬಳು ನಡೆಯಲಾರದ ಮಗನನ್ನು ಸೊಂಟದ ಮೇಲೆ ಹೊತ್ತು, ಸುಮಾರು ತೊಂಬತ್ತು ಕಿಲೋಮೀಟರ್ ಘಟ್ಟದ ತಿರುವುಗಳಲ್ಲಿ ಬಸ್ಸು ಹಿಡಿದು ಚಿಕ್ಕಮಗಳೂರಿಗೆ ಬರಬೇಕಾದರೆ, ಅರ್ಧ ಗಂಟೆಯ ಪಾಠಕ್ಕಾಗಿ ಒಂದು ದಿನದ ಕೂಲಿಯನ್ನು ಕಳೆದುಕೊಳ್ಳಬೇಕು. ವಾರಕ್ಕೊಮ್ಮೆಯಂತೆ ಹಲವು ತಿಂಗಳು ನಡೆಯದಿದ್ದರೆ ಪಾಠದಿಂದ ಹೆಚ್ಚಿನ ಪ್ರಯೋಜನವಿಲ್ಲ. ಕುದುರೆಗೆ ಹಣ ನೀಡುವ ದಾನಿಗಳು ದೊರೆಯಬಹುದು. ವಾಹನದ ಬಾಡಿಗೆಗೂ ತಾಯಿಯ ಕೂಲಿಗೂ ಹಣ ನೀಡುವವರು ಮೊದಲು ದೊರೆಯಬೇಕು. ಆ ದಾನಕ್ಕೆ ಹೆಸರಿನ ಫಲಕ ಹಾಕಲು ಗೋಡೆಯಿರುವುದಿಲ್ಲ ಎಂಬುದೂ ನಿಜ.

ಆದುದರಿಂದ ಕ್ರಮವು ಹೀಗಿರುವುದು ಲೇಸು. ಆಸಕ್ತಿಯುಳ್ಳ ಇಬ್ಬರು ಶಿಕ್ಷಕರು ಬೆಂಗಳೂರಿನಲ್ಲಿ ತರಬೇತಿ ಪಡೆಯಲಿ. ಒಬ್ಬ ಅಂಗಸಾಧನೆಯ ಚಿಕಿತ್ಸಕರು ಜೊತೆಗೂಡಲಿ. ಒಂದು ಪೀಪಾಯಿಗೆ ಹಾಸಿಗೆ ಸುತ್ತಿ, ಜೀನು ಬಿಗಿದು, ಕೂರುವ ಅಭ್ಯಾಸವನ್ನು ಮಕ್ಕಳಿಗೆ ಮೊದಲು ಅದರ ಮೇಲೆ ಮಾಡಿಸಲಿ. ಪಕ್ಕದಲ್ಲಿ ನಡೆಯಲು ಮೇಲಿನ ತರಗತಿಯ ವಿದ್ಯಾರ್ಥಿಗಳನ್ನು ತಯಾರು ಮಾಡಬಹುದು. ಕುದುರೆ ಬರಬೇಕಾದುದು ಇಷ್ಟಾದ ಮೇಲೆ. ಅದು ಎಳೆಯದಾಗಿರಬಾರದು, ಶಬ್ದಕ್ಕೆ ಬೆಚ್ಚದ, ಸಮಗತಿಯ, ಅಗಲ ಬೆನ್ನಿನ, ಹೆಚ್ಚು ಎತ್ತರವಿಲ್ಲದ ಪ್ರೌಢ ಕುದುರೆ ಆಗಬೇಕು. ಗಾಲಿಕುರ್ಚಿಯಿಂದ ನೇರವಾಗಿ ಹತ್ತಲು ಇಳಿಜಾರುಳ್ಳ ಒಂದು ಕಟ್ಟೆಯನ್ನು ಕಟ್ಟಿಸಬೇಕು. ಸವಾರ ಮತ್ತು ಜೀನಿನ ಒಟ್ಟು ಭಾರ ಕುದುರೆಯ ತೂಕದ ಐದನೆಯ ಒಂದು ಭಾಗವನ್ನು ಮೀರಬಾರದು. ಕುಂಟುತ್ತ ಎಡವುವ ಲಯಗಳನ್ನು ದಿನವೂ ಬೆನ್ನ ಮೇಲೆ ಹೊರುವ ಈ ಪ್ರಾಣಿಗೆ ಬೇಸರವೂ ಆಯಾಸವೂ ಉಂಟು. ಪಾಠ ಮುಗಿದ ಮೇಲೆ ಜೀನು ಕಳಚಿ, ಹುಲ್ಲುಗಾವಲಿಗೆ ಬಿಟ್ಟು, ಯಾರೂ ಹತ್ತದ ದಿನಗಳನ್ನು ಅದರ ವೇಳಾಪಟ್ಟಿಯಲ್ಲಿ ಬರೆದಿಡಬೇಕು.