ನೈಟ್ ಡ್ಯೂಟಿ ಮುಗಿಸಿ ಬಂದವರಿಗೆ

ಬೆಳಿಗ್ಗೆ ಎಂಟಕ್ಕೆ ಹ್ಯಾಂಡೋವರ್ ಕೊಟ್ಟು ಮನೆಗೆ ಬಂದ ಸಿಸ್ಟರ್‌ಗೆ ಬೇಕಾದದ್ದು ನಿದ್ದೆ. ಕಾದಿರುವುದು ಸಿಂಕ್ ತುಂಬ ಪಾತ್ರೆ. ಮನೆಯವರೇ, ಅದನ್ನು ನೀವು ತೊಳೆದುಬಿಡಿ. ಮೊದಲೇ ಹಗಲು ನಿದ್ದೆ ರಾತ್ರಿಯದರಷ್ಟು ಗಟ್ಟಿಯಲ್ಲ. ಕಣ್ಣಿಗೆ ಬೆಳಕು ಬಿದ್ದರೆ ಮಿದುಳಿನಲ್ಲಿ ನಿದ್ದೆಗೆ ನೆರವಾಗುವ ಮೆಲಟೋನಿನ್ ಸ್ರವಿಸುವುದು ತಗ್ಗುತ್ತದೆ. ಬಸ್ಸಿನಲ್ಲಿ ಬರುವವರು ಕಪ್ಪು ಕನ್ನಡಕ ಹಾಕಿಕೊಳ್ಳಿ, ನಗುವವರು ನಗಲಿ. ಕಿಟಕಿಗೆ ದಪ್ಪ ಪರದೆ ಇಲ್ಲವೇ? ಹಳೇ ಕಂಬಳಿಯೂ ಆದೀತು.

ಕಾಫಿ ಬಿಡಿ ಎಂದರೆ ಯಾರೂ ಕೇಳುವುದಿಲ್ಲ, ನಾನೂ ಹೇಳುವುದಿಲ್ಲ. ಆದರೆ ಕುಡಿದು ಐದಾರು ಗಂಟೆಯಾದರೂ ಕೆಫೀನ್ ಸುಮಾರು ಅರ್ಧದಷ್ಟು ಮೈಯಲ್ಲೇ ಉಳಿದಿರುತ್ತದೆ. ಹಾಗಾಗಿ ಕೊನೆಯ ಲೋಟ ರಾತ್ರಿ 2ರೊಳಗೆ ಮುಗಿಯಲಿ. ಬೆಳಗಿನ ಜಾವ 3ರಿಂದ 5ರವರೆಗೆ ತೂಕಡಿಕೆ ಜೋರು; ಆ ಹೊತ್ತಿನಲ್ಲಿ ಇನ್ಸುಲಿನ್ ಡೋಸ್ ಎಳೆದುಕೊಂಡರೆ ಸಿರಿಂಜನ್ನು ಜೊತೆಯವರಿಗೂ ತೋರಿಸಿ. ಡ್ಯೂಟಿ ಮುಗಿದಾಗ ಕಣ್ಣೆಳೆಯುತ್ತಿದ್ದರೆ ಸ್ಕೂಟರ್ ಹತ್ತಬೇಡಿ, 20 ನಿಮಿಷ ಅಲ್ಲೇ ಒರಗಿ.

ರೋಸ್ಟರ್ ಹಾಕುವ ಇನ್‌ಚಾರ್ಜ್ ಸಿಸ್ಟರ್‌ಗೂ ಒಂದು ಮಾತು: ಪಾಳಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಮುಂದಕ್ಕೆ ತಿರುಗಿದರೆ ಮೈ ಒಗ್ಗುವುದು ಸುಲಭ. ನೈಟ್ ಇಳಿದವರಿಗೆ ಮರುದಿನವೇ ಮಾರ್ನಿಂಗ್ ಹಾಕಬೇಡಿ. ಬರೀ ಮಲಗಿ ಕಳೆದ ದಿನವನ್ನು ರಜೆ ಎಂದು ಲೆಕ್ಕ ಹಿಡಿಯುವುದು ಅನ್ಯಾಯ.